ದತ್ತಸಂಚಯದ ರಕ್ಷಣಾಪ್ರತಿ ಮತ್ತು ಆಯ್ಕೆಯ ಕಡತದ ವ್ಯಾಕರಣ

ಶಾಸನಪಾಠಗಳನ್ನು ಗಣಕದ ದತ್ತಸಂಚಯದಲ್ಲಿ ಕಾಪಿಡುವ ಪದ್ಧತಿಯು ಈಗ ಇತಿಹಾಸಕಾರರಿಗೆ ಅಪರಿಚಿತವಲ್ಲ. ಇಡೀ ಸಂಚಯದ ರಕ್ಷಣಾಪ್ರತಿ, ಅಂದರೆ ಬ್ಯಾಕಪ್, ತೆಗೆಯುವುದು ಸುಲಭ. ಬೇಕಾದುದನ್ನು ಮಾತ್ರ ಆರಿಸಿ ತೆಗೆಯುವುದು ಕಠಿನ. ಆ ಆಯ್ಕೆಯ ನಿಯಮಗಳನ್ನು ಬರೆದಿಡುವ ಕಡತದ ವ್ಯಾಕರಣವು ಹೇಗಿರಬೇಕೆಂಬುದೇ ಪ್ರಸ್ತುತ ವಿಷಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಶಾಸನಗಳಿಗೆ ಐದು ಕೋಷ್ಟಕಗಳೂ, ಮಾಹಿತಿದಾರರ ಹೆಸರು ವಿಳಾಸಗಳಿಗೆ ಆರನೆಯದೂ ಇವೆಯೆಂದು ಭಾವಿಸೋಣ. ಮೊದಲ ಐದನ್ನು ಮತ್ತೊಂದು ಸಂಸ್ಥೆಗೆ ಕಳುಹಿಸಬೇಕು, ಆರನೆಯದು ಹೊರಹೋಗಕೂಡದು.

2024ರಲ್ಲಿ ಪ್ರಕಟವಾದ ಪೋಸ್ಟ್‌ಗ್ರೆಸ್ ದತ್ತಸಂಚಯದ 17ನೆಯ ಆವೃತ್ತಿಯಲ್ಲಿ ಪಿಜಿ-ಡಂಪ್ ಎಂಬ ಸಾಧನಕ್ಕೆ ಇಂತಹ ಕಡತದ ಸೌಲಭ್ಯ ದೊರೆಯಿತು. ನೂರಾರು ಹೆಸರುಗಳನ್ನು ಒಂದೇ ಆಜ್ಞೆಯಲ್ಲಿ ತುರುಕುವ ಕಷ್ಟ ಇದರಿಂದ ತಪ್ಪಿತು. ಇದರ ವ್ಯಾಕರಣ ಸರಳವಾದುದು. ಸಾಲಿಗೊಂದು ನಿಯಮ, ಅದರಲ್ಲಿ ಸೇರಿಸು ಅಥವಾ ಬಿಡು ಎಂಬ ವಿಧಿ, ಬಳಿಕ ವಸ್ತುವಿನ ಜಾತಿ, ಕೊನೆಗೆ ಹೆಸರು. ಟಿಪ್ಪಣಿಗೂ ಎಡೆಯುಂಟು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದ ಸಂಗತಿಯನ್ನು ನಿಯಮದ ಪಕ್ಕದಲ್ಲಿಯೇ ಗುರುತಿಸಿದರೆ ಮುಂದಿನವರಿಗೆ ಗೊಂದಲವಾಗದು.

ಎರಡು ನಿಯಮಗಳು ವಿರೋಧಿಸಿದಾಗ ಯಾವುದು ಪ್ರಬಲ? ಆರ್‌ಸಿಂಕ್ ಸಾಧನದಲ್ಲಿ ಮೊದಲು ಹೊಂದಿದ ನಿಯಮವೂ, ಗಿಟ್‌ನ ಉಪೇಕ್ಷಾಕಡತದಲ್ಲಿ ಕೊನೆಯದೂ ಗೆಲ್ಲುತ್ತದೆ. ಪಿಜಿ-ಡಂಪ್‌ನಲ್ಲಿ ಸಾಲುಗಳ ಕ್ರಮಕ್ಕೆ ಬೆಲೆಯಿಲ್ಲ. ಸೇರಿಸಲ್ಪಟ್ಟ ಕೋಷ್ಟಕಕ್ಕೆ ಬಿಡುವ ವಿಧಿಯೂ ತಗುಲಿದರೆ ಅದನ್ನು ಬಿಡಲಾಗುವುದು.

ಹೆಚ್ಚಿನ ಅಪಾಯವಿರುವುದು ಹೆಸರಿನಲ್ಲಿ. ಕೊಟ್ಟೂರು ಎಂಬುದರ ಮೊದಲಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತದಿಂದಲೂ, ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಇತರ ನಾಲ್ಕು ಹೆಸರುಗಳು ಹೊಂದಿದರೆ, ಕೊಟ್ಟೂರನ್ನು ಸದ್ದಿಲ್ಲದೆ ಕೈಬಿಟ್ಟು ಪ್ರತಿ ಸಿದ್ಧವಾಗುತ್ತದೆ. ಪ್ರತಿಯೊಂದು ಹೆಸರೂ ಹೊಂದಲೇಬೇಕೆಂಬ ಕಟ್ಟುನಿಟ್ಟಿನ ಆಯ್ಕೆಯನ್ನು ಹೇಳಿದರೆ ಸಾಧನವು ದೋಷವನ್ನು ಸಾರಿ ನಿಲ್ಲುತ್ತದೆ. ಆದರೆ ಈ ಕಾವಲು ಬಿಡುವ ವಿಧಿಗೆ ಅನ್ವಯಿಸದು. 'ಎಲ್ಲವನ್ನೂ ಸೇರಿಸು, ಮಾಹಿತಿದಾರರನ್ನು ಬಿಡು' ಎಂದು ಬರೆದು ಎರಡನೆಯ ಸಾಲಿನ ಕಾಗುಣಿತ ತಪ್ಪಿದರೆ, ಆರನೆಯ ಕೋಷ್ಟಕವೂ ಹೊರಹೋಗುತ್ತದೆ.

ಆದುದರಿಂದ ಪರರಿಗೆ ಕಳುಹಿಸುವ ಪ್ರತಿಯಲ್ಲಿ ಸೇರಿಸಬೇಕಾದವನ್ನೇ ಹೆಸರಿಸುವುದು ಲೇಸು: ಬಿಟ್ಟುಹೋದುದನ್ನು ಮತ್ತೆ ಕಳುಹಿಸಬಹುದು, ಬಯಲಾದುದನ್ನು ಹಿಂಪಡೆಯಲಾಗದು. ನಮ್ಮ ರಕ್ಷಣೆಗಾಗಿಯೇ ತೆಗೆಯುವ ಪ್ರತಿಯಲ್ಲಾದರೋ ನಷ್ಟವೇ ದೊಡ್ಡ ಭಯ. ಅಲ್ಲಿ ಎಲ್ಲವನ್ನೂ ಸೇರಿಸುವುದೇ ಯುಕ್ತ.