ಹೊಸ ಗಣಕಯಂತ್ರವೂ ಮನೆಯ ಜಾಲವೂ

ಈಗಿನ ಕಾಲದಲ್ಲಿ ಗಣಕಯಂತ್ರವು ಗೃಹಕೃತ್ಯದ ಒಂದು ಅಂಗವೇ ಆಗಿದೆ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಪೇಟೆಯ ಧಾರಣೆ, ಮಾಲೂರಿನ ರೈತರಿಗೆ ಪಹಣಿಯ ವಿವರ, ಮುಳಬಾಗಿಲಿನ ವಿದ್ಯಾರ್ಥಿಗೆ ವೇತನದ ಅರ್ಜಿ, ಇವೆಲ್ಲವೂ ಅಂತರ್ಜಾಲದ ಮೂಲಕ ಸಾಗತಕ್ಕವು. ಇಂತಿರುವಲ್ಲಿ, ಹಣ ತೆತ್ತು ತಂದ ಹೊಸ ಯಂತ್ರವು ಮನೆಯ ಜಾಲಕ್ಕೆ ಸೇರದೆ ಹೋದರೆ ಗೃಹಸ್ಥರಿಗಾಗುವ ವ್ಯಾಕುಲವು ಅಲ್ಪವಲ್ಲ. ಅರ್ಜಿಯ ಕಡೆಯ ದಿನವು ಯಾರಿಗಾಗಿಯೂ ಕಾಯದು. ಆಗ ಕೆಲವರು ಯಂತ್ರವನ್ನು ಅಂಗಡಿಗೆ ಹೊತ್ತೊಯ್ಯುವರು; ಕೆಲವರು ಅಪರಿಚಿತರಿಗೆ ದುಡ್ಡು ತೆರುವರು. ದೋಷವು ಎಲ್ಲಿದೆಯೆಂದು ತಿಳಿಯದೆ ಮಾಡುವ ಇಂತಹ ವೆಚ್ಚವು ಬಹುಮಟ್ಟಿಗೆ ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ದೋಷವನ್ನು ಹುಡುಕುವ ಮರ್ಮವು ಕೋಲಾರದ ಸೀಮೆಯವರಿಗೆ ಹೊಸದಲ್ಲ. ಇದು ಕೆರೆಗಳ ನಾಡು. ೨೦೧೮ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದುದನ್ನು ಇಲ್ಲಿಯವರು ಬಲ್ಲರು. ಗದ್ದೆಗೆ ನೀರು ಬಾರದಿದ್ದರೆ ಹಿಂದಿನ ನೀರುಗಂಟಿಯು ಗದ್ದೆಯನ್ನು ಅಗೆಯುತ್ತಿರಲಿಲ್ಲ. ಕೆರೆಯಲ್ಲಿ ನೀರುಂಟೇ, ತೂಬು ತೆರೆದಿದೆಯೇ, ಕಾಲುವೆ ಕಟ್ಟಿಕೊಂಡಿದೆಯೇ ಎಂದು ಕ್ರಮವಾಗಿ ನೋಡುತ್ತಿದ್ದನು. ಗೃಹಜಾಲದಲ್ಲಿ ಹೊರಗಿನಿಂದ ಬರುವ ತಂತಿಯೇ ಕೆರೆ, ರೌಟರೆಂಬ ಪೆಟ್ಟಿಗೆಯೇ ತೂಬು, ವೈಫೈ ಅಲೆಯೇ ಕಾಲುವೆ, ಗಣಕಯಂತ್ರವೇ ಗದ್ದೆ.

ಆದುದರಿಂದ ಮೊದಲು ಮನೆಯ ಮೊಬೈಲಿನ ಸ್ವಂತ ಡೇಟಾವನ್ನು ನಿಲ್ಲಿಸಿ, ಅದನ್ನು ಅದೇ ವೈಫೈಗೆ ಸೇರಿಸಿ ನೋಡತಕ್ಕದ್ದು. ಅದಕ್ಕೂ ಅಂತರ್ಜಾಲವು ಬಾರದಿದ್ದರೆ ಹೊಸ ಯಂತ್ರವನ್ನು ದೂರುವುದು ಸಲ್ಲದು. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪವು ಕೆಂಪಗೆ ಉರಿಯುತ್ತಿದ್ದರೆ ತಂತಿಯ ಬೆಳಕು ಪೆಟ್ಟಿಗೆಗೆ ಮುಟ್ಟುತ್ತಿಲ್ಲವೆಂದು ಅರ್ಥ, ಸೇವೆಯನ್ನೊದಗಿಸುವವರಿಗೆ ತಿಳಿಸಬೇಕು. ದೀಪವು ಸರಿಯಿದ್ದರೆ ರೌಟರನ್ನು ಆರಿಸಿ, ಒಂದು ನಿಮಿಷ ತಾಳಿ, ಮತ್ತೆ ಹಚ್ಚಿ ನೋಡಬಹುದು.

ಮೊಬೈಲಿಗೆ ಬಂದು ಯಂತ್ರಕ್ಕೆ ಬಾರದಿದ್ದರೆ ಆಗ ಯಂತ್ರದ ಕಡೆಗೆ ತಿರುಗತಕ್ಕದ್ದು. ವಿಮಾನದ ಗುರುತಿನ ಕೀಲಿಯು ಅರಿಯದೆ ಒತ್ತಲ್ಪಟ್ಟಿದ್ದರೆ ವೈಫೈ ನಿಂತುಹೋಗುವುದು. ಪಾಸ್‌ವರ್ಡಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವುಂಟು. ಇನ್ನು ಅಲೆಗಳ ವಿಚಾರ: ಅನೇಕ ರೌಟರುಗಳು ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳನ್ನು ಬೀರುತ್ತವೆ. ಐದರದು ವೇಗ ಹೆಚ್ಚು, ಗೋಡೆಯನ್ನು ದಾಟುವ ಶಕ್ತಿ ಕಡಮೆ. ಕಲ್ಲುಚಪ್ಪಡಿಯ ಗೋಡೆಗಳಿರುವ ನಮ್ಮ ಕಡೆಯ ಮನೆಗಳಲ್ಲಿ ದೂರದ ಕೋಣೆಗೆ ೨.೪ರ ಅಲೆಯೇ ಲೇಸು. ಯಂತ್ರವನ್ನು ರೌಟರಿನ ಪಕ್ಕದಲ್ಲಿಟ್ಟು ಪರೀಕ್ಷಿಸಿದರೆ ಗೋಡೆಯ ದೋಷವೋ ಯಂತ್ರದ ದೋಷವೋ ಎಂಬುದು ಕೂಡಲೆ ತಿಳಿಯುವುದು.

ಜಾಲಕ್ಕೆ ಸೇರಿದಂತೆ ತೋರಿಯೂ ಪುಟಗಳು ತೆರೆಯದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ಐಪಿ ವಿಳಾಸವನ್ನು ನೋಡಬೇಕು. ರೌಟರು ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯನ್ನು ಹಂಚುತ್ತದೆ. ಅದು ಸಾಮಾನ್ಯವಾಗಿ ೧೯೨.೧೬೮ ಎಂದು ಮೊದಲಾಗುವುದು. ೧೬೯.೨೫೪ ಎಂದು ಮೊದಲಾದರೆ, ರೌಟರಿನಿಂದ ಸಂಖ್ಯೆಯು ದೊರೆಯದೆ ಯಂತ್ರವು ತಾನೇ ಒಂದನ್ನು ಕಲ್ಪಿಸಿಕೊಂಡಿದೆಯೆಂದು ತಿಳಿಯತಕ್ಕದ್ದು. ಆ ಜಾಲವನ್ನು ಯಂತ್ರದ ನೆನಪಿನಿಂದ ತೆಗೆದು, ಪಾಸ್‌ವರ್ಡ್ ಕೊಟ್ಟು ಹೊಸದಾಗಿ ಸೇರಿಸಿದರೆ ಅನೇಕ ವೇಳೆ ಸರಿಹೋಗುವುದು. ಯಂತ್ರದ ಗಡಿಯಾರವು ತಪ್ಪಿದ್ದರೂ ಬ್ಯಾಂಕು ಮೊದಲಾದ ಭದ್ರತೆಯ ಪುಟಗಳು ತೆರೆಯವು. ದಿನಾಂಕವನ್ನು ನೋಡಲು ಮರೆಯಬಾರದು.

ಕಡೆಯದಾಗಿ ಒಂದು ಎಚ್ಚರಿಕೆ. ಯಂತ್ರವನ್ನು ದೂರದಿಂದಲೇ ಸರಿಪಡಿಸುವೆವೆಂದು ಫೋನಿನಲ್ಲಿ ತಾವಾಗಿ ಕರೆಯುವವರಿಗೆ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಹೇಳಕೂಡದು. ಹಣ ಕಳೆದುಹೋದ ಪಕ್ಷದಲ್ಲಿ ತಡಮಾಡದೆ ೧೯೩೦ ಸಂಖ್ಯೆಗೆ ದೂರು ಕೊಡತಕ್ಕದ್ದು. ಉಳಿದ ಪರೀಕ್ಷೆಗಳಿಗೆ ಅರ್ಧ ಗಂಟೆಯ ತಾಳ್ಮೆ ಸಾಕು. ಅವುಗಳಿಗೆ ಕಾಸಿನ ಖರ್ಚೂ ಇಲ್ಲ.