ಯಂತ್ರ ಉಳಿಸಿಕೊಟ್ಟ ಹೊತ್ತು

2021ರ ಮೇ ತಿಂಗಳು. ಹದಿನೆಂಟು ದಾಟಿದ ಎಲ್ಲರಿಗೂ, ಕೋವಿಡ್ ಇರಲಿ ಇಲ್ಲದಿರಲಿ, ದಿನಕ್ಕೆ 12 ಮಿಲಿಗ್ರಾಂನಂತೆ ಐದು ದಿನ ಐವರ್ಮೆಕ್ಟಿನ್ ಕೊಡುವುದಾಗಿ ಗೋವಾ ಸರ್ಕಾರ ಪ್ರಕಟಿಸಿತು. ಈ ಜಂತುನಾಶಕವನ್ನು ಪ್ರಯೋಗಗಳ ಆಚೆ ಕೋವಿಡ್‌ಗೆ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮೊದಲೇ ಹೇಳಿತ್ತು. ದಾಬೋಲಿಮ್‌ನ ನನ್ನ ಔಷಧಿ ಅಂಗಡಿಗೆ ಜುವಾರಿನಗರದಿಂದ ಬಂದ ಬಾಗಲಕೋಟೆಯ ಗೌಂಡಿಯೊಬ್ಬರು, "ಅಕ್ಕಾರ, ಇಬ್ಬರೂ ದೊಡ್ಡೋರ. ಯಾರ ಮಾತ ಕೇಳೂದ್ರಿ?" ಎಂದರು.

ಇಂಥ ಪ್ರಶ್ನೆಗೆ ಉತ್ತರ ಸಿಗುವುದು ವೈದ್ಯಕೀಯ ಸಾಹಿತ್ಯದ ವ್ಯವಸ್ಥಿತ ವಿಮರ್ಶೆಯಿಂದ. ಒಂದು ಔಷಧದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಇಬ್ಬರು ಬೇರೆಬೇರೆಯಾಗಿ ಸಾರಾಂಶಗಳನ್ನು ಓದಿ ಆರಿಸುತ್ತಾರೆ. ಆಮೇಲೆ ಪೂರ್ತಿ ಪ್ರಬಂಧ ಓದಿ, ಅಂಕಿಅಂಶ ತೆಗೆದು, ಎಷ್ಟು ನಂಬಬಹುದೆಂದು ತೂಗುತ್ತಾರೆ. ವೈದ್ಯಕೀಯ ಬರಹಗಳ ಸೂಚಿಯಾದ ಪಬ್‌ಮೆಡ್ ಒಂದರಲ್ಲೇ ಮೂರೂವರೆ ಕೋಟಿಗೂ ಹೆಚ್ಚು ಬರಹಗಳ ವಿವರವಿದೆ. ಸಾವಿರಾರು ಸಾರಾಂಶ ಓದಿದರೆ ಕೊನೆಗೆ ಉಳಿಯುವುದು ಹತ್ತಿಪ್ಪತ್ತು.

ಕೃತಕ ಬುದ್ಧಿಮತ್ತೆ ಹೆಚ್ಚು ಕೈಹಿಡಿಯುವುದು ಈ ಆಯ್ಕೆಯಲ್ಲಿ. ಕತಾರ್‌ನಲ್ಲಿ ಹುಟ್ಟಿದ ರಯ್ಯಾನ್, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಎಎಸ್‌ರಿವ್ಯೂ ಇಂಥ ಸಾಧನಗಳು. ಕೆಲವು ಸಾರಾಂಶಗಳಿಗೆ 'ಬೇಕು', 'ಬೇಡ' ಎಂದು ನಾವು ಗುರುತು ಹಾಕಿದರೆ, ಅದರಿಂದ ಕಲಿತು ಉಳಿದವುಗಳಲ್ಲಿ ಬೇಕಾಗಬಹುದಾದವನ್ನು ಮುಂದಕ್ಕೆ ತರುತ್ತವೆ. ಅಂಗಡಿ ಮುಚ್ಚಿದ ಮೇಲೆ ವಿಮರ್ಶೆಯ ತಂಡವೊಂದಕ್ಕೆ ನಾನೂ ಈ ಕೆಲಸ ಮಾಡುತ್ತೇನೆ. ಕಣ್ಣಿಗೂ ತಲೆಗೂ ಆಗುವ ಉಪಕಾರ ದೊಡ್ಡದು. ಚಾಟ್‌ಬಾಟ್‌ಗಳ ಮಾತು ಬೇರೆ. ಇಲ್ಲದ ಪ್ರಬಂಧಕ್ಕೂ ಲೇಖಕರು, ಪತ್ರಿಕೆ, ಇಸವಿ ಎಲ್ಲವನ್ನೂ ಜೋಡಿಸಿ ಕೊಟ್ಟುಬಿಡುತ್ತವೆ. ಅವು ಕೊಟ್ಟ ಪ್ರತಿಯೊಂದು ಉಲ್ಲೇಖವನ್ನೂ ಹುಡುಕಿ ತೆರೆದು ನೋಡಲೇಬೇಕು.

ಆದರೆ ಇರುವ ಪ್ರಬಂಧವೇ ನಂಬಿಕೆಗೆ ಅರ್ಹವಲ್ಲದಿದ್ದರೆ? ಐವರ್ಮೆಕ್ಟಿನ್‌ನಿಂದ ಸಾವು ಬಹಳ ತಗ್ಗುತ್ತದೆ ಎಂದು ಈಜಿಪ್ಟಿನ ಅಧ್ಯಯನವೊಂದು ಹೇಳಿತ್ತು. ಹಲವು ವಿಮರ್ಶೆಗಳು ಅದನ್ನು ಸೇರಿಸಿಕೊಂಡಿದ್ದವು. ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ ಜ್ಯಾಕ್ ಲಾರೆನ್ಸ್ ಅದನ್ನು ಸಾಲುಸಾಲಾಗಿ ಓದಿದಾಗ, ಪೀಠಿಕೆಯಲ್ಲಿ ನಕಲು ಮಾಡಿದ ಭಾಗಗಳು ಸಿಕ್ಕವು. ಅಧ್ಯಯನ ಶುರುವಾಗುವ ಮೊದಲೇ ತೀರಿಕೊಂಡ ರೋಗಿಗಳೂ ದತ್ತಾಂಶದಲ್ಲಿದ್ದರು. 2021ರ ಜುಲೈನಲ್ಲಿ ಪ್ರಬಂಧವನ್ನು ಹಿಂತೆಗೆಯಲಾಯಿತು. ವ್ಯವಸ್ಥಿತ ವಿಮರ್ಶೆಗಳನ್ನು ಪ್ರಕಟಿಸುವ ಕಾಕ್ರೇನ್ ಸಂಸ್ಥೆಯಿಂದ ಅದೇ ತಿಂಗಳ ಕೊನೆಗೆ ಬಂದ ವಿಮರ್ಶೆ 14 ಪ್ರಯೋಗಗಳ 1,678 ಜನರ ವಿವರ ನೋಡಿ, ನಂಬಲರ್ಹ ಪುರಾವೆಯು ಪ್ರಯೋಗಗಳ ಆಚೆ ಈ ಮಾತ್ರೆಯ ಬಳಕೆಯನ್ನು ಬೆಂಬಲಿಸುವುದಿಲ್ಲ ಎಂದಿತು.

ಆಯ್ಕೆಯ ಯಂತ್ರ ಆ ಈಜಿಪ್ಟಿನ ಪ್ರಬಂಧವನ್ನು ಮುಂದಿನ ಸಾಲಿಗೇ ತರುತ್ತಿತ್ತು. ರೋಗ, ಔಷಧ, ಪ್ರಯೋಗದ ವಿಧಾನ ಎಲ್ಲವೂ ಹೊಂದುತ್ತಿದ್ದವಲ್ಲ! ವಿಷಯ ಹೊಂದುತ್ತದೆಯೇ ಎನ್ನುವುದನ್ನಷ್ಟೇ ಅದು ಅಳೆಯುತ್ತದೆ. ಪ್ರಯೋಗ ನಿಜವಾಗಿ ನಡೆಯಿತೇ ಎಂದು ಕೇಳಬೇಕಾದವರು ನಾವು. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ನೋಂದಣಿಯ ದಿನಾಂಕವನ್ನು ಪ್ರಬಂಧದ ಜೊತೆ ಹೋಲಿಸಬಹುದು, ಮೂಲ ದತ್ತಾಂಶ ಕೊಡಿ ಎಂದು ಲೇಖಕರನ್ನು ಕೇಳಬಹುದು. ಇವೆಲ್ಲ ಹೊತ್ತು ಬೇಡುವ ಕೆಲಸಗಳು.

ಯಂತ್ರ ಉಳಿಸಿಕೊಟ್ಟ ಹೊತ್ತು ಇಲ್ಲಿಗೇ ಸಲ್ಲಬೇಕು. ಇನ್ನಷ್ಟು ಬೇಗ ಇನ್ನಷ್ಟು ವಿಮರ್ಶೆ ಬರೆಯಲು ಅದನ್ನು ಖರ್ಚು ಮಾಡಿದರೆ ತಪ್ಪು ಪ್ರಬಂಧಗಳೂ ಅಷ್ಟೇ ಬೇಗ ಹರಡುತ್ತವೆ. ಮಾತ್ರೆ ನುಂಗುವವರು ಮೂಲ ಪ್ರಬಂಧ ಓದಲಾರರು. ಅವರ ಪರವಾಗಿ ಓದುವ ಹೊಣೆ ಹೊತ್ತ ಮೇಲೆ ಪೂರ್ತಿ ಓದಬೇಕು.