ಪ್ರಧಾನಿ ನಿವಾಸದ ನೆರೆಯ ರೇಸ್ ಮೈದಾನ

ದೆಹಲಿಯಲ್ಲೂ ಕುದುರೆ ರೇಸು ಉಂಟು ಎಂದರೆ ಬೆಂಗಳೂರು, ಮೈಸೂರಿನ ರೇಸುಪ್ರಿಯರಲ್ಲೂ ಕೆಲವರು ಹುಬ್ಬೇರಿಸಬಹುದು. ಆದರೆ ಅಲ್ಲಿನ ರೇಸ್ ಕೋರ್ಸ್ ರಸ್ತೆಯ ಹೆಸರು ಕೇಳದ ಕನ್ನಡಿಗರು ಕಡಿಮೆ. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಅಧಿಕೃತ ನಿವಾಸ ಆ ರಸ್ತೆಯ 7ನೇ ನಂಬರಿನ ಬಂಗಲೆ. 2016ರಲ್ಲಿ ರಸ್ತೆ ಲೋಕ ಕಲ್ಯಾಣ ಮಾರ್ಗವಾಯಿತು, ಮೆಟ್ರೊ ನಿಲ್ದಾಣವೂ ಹೆಸರು ಬದಲಿಸಿಕೊಂಡಿತು. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಶ್ ಅವರ ಹೆಸರು ಬಂತು. ಹೆಸರು ಹೋದರೂ ಎರಡೂ ಊರಲ್ಲಿ ಮೈದಾನ ಉಳಿದಿದೆ. ಎರಡರ ಮೂಲ ಗುತ್ತಿಗೆಯ ಅವಧಿಯೂ ಎಂದೋ ಮುಗಿದಿದೆ: ದೆಹಲಿಯದು 1994ರಲ್ಲಿ, ಬೆಂಗಳೂರಿನದು 2009ರಲ್ಲಿ. ರೇಸ್ ಕ್ಲಬ್ಬುಗಳ ಚರಿತ್ರೆಯನ್ನು ಗೆದ್ದ ಕುದುರೆಗಳ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ಈ ಗುತ್ತಿಗೆ ಪತ್ರಗಳಲ್ಲಿ ಹುಡುಕುವುದೇ ಸರಿ ಎಂದು ನನಗನ್ನಿಸುವುದು ಅದಕ್ಕೇ.

ದೆಹಲಿ ರೇಸ್ ಕ್ಲಬ್ ಶುರುವಾದದ್ದು 1926ರಲ್ಲಿ. ರಾಜಧಾನಿ ಕಲ್ಕತ್ತೆಯಿಂದ ಬರುವುದೆಂದು 1911ರ ದರ್ಬಾರಿನಲ್ಲಿ ಘೋಷಣೆಯಾಗಿದ್ದರೂ ಹೊಸ ದೆಹಲಿಯ ವಿಧ್ಯುಕ್ತ ಉದ್ಘಾಟನೆ ನಡೆದದ್ದು 1931ರಲ್ಲಿ. ಅಂದರೆ ಊರಿನ ಗೃಹಪ್ರವೇಶಕ್ಕೆ ಐದು ವರ್ಷ ಮೊದಲೇ ಅಲ್ಲಿ ಕುದುರೆ ಓಡಿಸುವ ಏರ್ಪಾಡಾಗಿತ್ತು. ಪಕ್ಕದಲ್ಲೇ ಪೋಲೊ ಮೈದಾನ, ಜಿಮ್‌ಖಾನಾ ಕ್ಲಬ್, ತುಸು ಆಚೆಗೆ 1929ರ ವಿಲಿಂಗ್ಡನ್ ವಿಮಾನ ನಿಲ್ದಾಣ, ಅಂದರೆ ಇಂದಿನ ಸಫ್ದರ್‌ಜಂಗ್. ದೊರೆಗಳ ಬಿಡುವಿಗೆಂದು ಊರಿನ ಒಂದು ಮೂಲೆಯನ್ನೇ ತೆಗೆದಿಟ್ಟಿದ್ದರು. ಕ್ಲಬ್ಬಿನ ಕಂಪನಿಯ ಹೆಸರಿನಲ್ಲಿ 1940 ಎಂಬ ಇಸವಿ ಇಂದಿಗೂ ಅಂಟಿಕೊಂಡಿದೆ. ದೊರೆಗಳು ಹೋದ ಮೇಲೆ ನೆಲದ ಒಡೆತನ ಕೇಂದ್ರ ಸರ್ಕಾರಕ್ಕೆ ಬಂತು, ಒಳಗೆ ಹೋಗುವ ಹಕ್ಕು ಮಾತ್ರ ಸದಸ್ಯರಿಗೂ ಟಿಕೆಟ್ಟು ಕೊಂಡವರಿಗೂ ಉಳಿಯಿತು. 50 ಎಕರೆಗೂ ಮಿಕ್ಕಿದ ಈ ಬಯಲನ್ನು ರಾಜಧಾನಿಯ ನಟ್ಟನಡುವೆ ಕಟ್ಟಡಗಳಿಂದ ಕಾಪಾಡಿದ್ದು ಕುದುರೆಯೇ. ಊರಿನ ಜನಕ್ಕೆ ಅದನ್ನು ಸಿಗದಂತೆ ಮಾಡಿದ್ದೂ ಅದೇ.

ಹಾಗಾದರೆ ಜೂಜಿನ ಮಾತೇನು ಎಂದು ಕೇಳುವವರಿದ್ದಾರೆ. ಕಾನೂನಿನ ಮಟ್ಟಿಗೆ ಅದು ಇತ್ಯರ್ಥವಾದ ಪ್ರಶ್ನೆ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಕುದುರೆ ರೇಸನ್ನು ಕೌಶಲದ ಆಟವೆಂದು ಹೇಳಿತು: ಕುದುರೆಯ ವಂಶ, ಹಿಂದಿನ ಓಟ, ಹೊತ್ತ ತೂಕ, ಜಾಕಿಯ ಚಾಕಚಕ್ಯತೆ ಇವನ್ನೆಲ್ಲ ತೂಗಿ ನೋಡಿ ಪಣ ಕಟ್ಟುವುದು ಬರೀ ಅದೃಷ್ಟವಲ್ಲ ಎಂಬುದು ಅದರ ತರ್ಕ. ತೆರಿಗೆ ಹಾಕುವವರಿಗೆ ಈ ತರ್ಕ ಅಷ್ಟಾಗಿ ನಾಟಿದಂತಿಲ್ಲ. 2023ರ ಅಕ್ಟೋಬರ್‌ನಿಂದ ಪಣದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40ಕ್ಕೆ ಏರಿತು. ರೇಸಿನಲ್ಲಿ ಮನೆಮಠ ಕಳೆದುಕೊಂಡವರ ದುಃಖ ಸುಳ್ಳೆಂದು ಯಾವ ತೀರ್ಪೂ ಹೇಳುವುದಿಲ್ಲ, ನಿಜ. ಆದರೆ ಮೈದಾನ ಮುಚ್ಚಿದ ಮಾತ್ರಕ್ಕೆ ಪಣ ನಿಲ್ಲುವುದಿಲ್ಲ. ಲೆಕ್ಕಕ್ಕೆ ಸಿಗದ ಬುಕ್ಕಿಯ ಕೈಗೋ ಮೊಬೈಲಿಗೋ ಹೋಗುತ್ತದೆ.

ಹಾಗೆಂದು ಇದ್ದದ್ದನ್ನು ಇದ್ದಂತೆಯೇ ಬಿಡಿ ಎಂಬ ಕ್ಲಬ್ಬುಗಳ ವಾದವೂ ನಿಲ್ಲದು. ಕುದುರೆಗಳಿಗೆ ಲಾಯ, ನಿತ್ಯದ ತಾಲೀಮು, ಅಳತೆ ತಪ್ಪದ ಟ್ರ್ಯಾಕು ಬೇಕು, ಲಾಯದವರ ಹೊಟ್ಟೆಪಾಡೂ ಇದರಲ್ಲೇ ಇದೆ ಎನ್ನುತ್ತಾರೆ. ಒಪ್ಪೋಣ. ಆದರೆ ಹಾಂಗ್‌ಕಾಂಗಿನ ಹ್ಯಾಪಿ ವ್ಯಾಲಿಯಲ್ಲಿ ಟ್ರ್ಯಾಕಿನ ನಡುವಿನ ಜಾಗದಲ್ಲಿ ಊರಿನವರು ಫುಟ್‌ಬಾಲ್ ಆಡುತ್ತಾರೆ. ಮುಂಬೈಯ ಮಹಾಲಕ್ಷ್ಮಿಯಲ್ಲಿ 211 ಎಕರೆಯ ಪೈಕಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆಂದು ಪಾಲಿಕೆಗೆ ಸೇರಿತು. ಉಳಿದದ್ದರಲ್ಲಿ ರೇಸು ಮುಂದುವರಿಯಿತು. ಇದಕ್ಕೆ ತದ್ವಿರುದ್ಧ ಚೆನ್ನೈ: 2024ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಬಾಡಿಗೆ ಬಾಕಿಯ ಕಾರಣಕ್ಕೆ ಗಿಂಡಿಯ 160 ಎಕರೆಗೆ ಬೀಗ ಜಡಿಯಿತು. ಮುಂಬೈಯ ದಾರಿಯೇ ವಾಸಿ. ದೆಹಲಿಯಲ್ಲಿ ಅದು ಕಷ್ಟ, ಗೋಡೆಯಾಚೆ ಪ್ರಧಾನಿಯ ಮನೆಯಿದೆ, ಭದ್ರತೆಯವರು ಬಿಡುವರೇ ಎಂಬ ಆಕ್ಷೇಪ ಬರುತ್ತದೆ. ರೇಸಿನ ದಿನ ಟಿಕೆಟ್ಟು ಹಿಡಿದ ಜನರನ್ನು ತಪಾಸಣೆ ಮಾಡಿ ಒಳಗೆ ಬಿಡಲು ಆಗುವುದಾದರೆ, ಉಳಿದ ದಿನ ಬೆಳಗಿನ ವಾಯುವಿಹಾರದವರನ್ನು ಹಾಗೆಯೇ ಬಿಡಲು ಏನಡ್ಡಿ? ಹೊಸ ಗುತ್ತಿಗೆ ಬರೆಯುವ ದಿನ ಬಂದರೆ, ಬಾಡಿಗೆಯ ಅಂಕಿಗೂ ಮೊದಲು ಬರಬೇಕಾದ ಷರತ್ತು ಇದು.